ಕುವೆಂಪುನಗರದ ಗುಜರಿ ಅಂಗಡಿ: ಒಣ ಕಸಕ್ಕೆ ಕಾರಣ ಸಮೇತ ಉತ್ತರ ಸಿಗುವ ಜಾಗ

ಮನೆಯ ಕಸವನ್ನು ಬೇರ್ಪಡಿಸಿ ಕೊಡಬೇಕೆಂಬ ಮಾತು ಮೈಸೂರಿನಲ್ಲಿ ಯಾರಿಗೂ ಹೊಸದಲ್ಲ. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ 73 ನಗರಗಳ ನಡುವೆ ಮೊದಲ ಸ್ಥಾನ ಪಡೆದ ಊರು ಇದು. ಅದೇ ವರ್ಷ ಬಂದ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಹಸಿ ಕಸ, ಒಣ ಕಸ ಮತ್ತು ಮನೆಯ ಅಪಾಯಕಾರಿ ಕಸವನ್ನು ಮನೆಯಲ್ಲೇ ಪ್ರತ್ಯೇಕಿಸುವುದನ್ನು ಪ್ರತಿಯೊಂದು ಕುಟುಂಬದ ಹೊಣೆಯಾಗಿಸಿದವು. ಆದರೆ ಒಣ ಕಸವೆಂಬ ಒಂದೇ ಹೆಸರಿನಡಿ ಸೇರುವ ಹಾಲಿನ ಕವರು, ರಟ್ಟು, ಚಿಪ್ಸ್ ಪೊಟ್ಟಣ, ಶಾಂಪೂ ಬಾಟಲಿ, ಅಂಗಡಿ ಬಿಲ್ಲುಗಳಲ್ಲಿ ಯಾವುದು ಮತ್ತೆ ವಸ್ತುವಾಗುತ್ತದೆ, ಯಾವುದು ಆಗುವುದಿಲ್ಲ ಎಂಬುದು ಬುಟ್ಟಿಯ ನೀಲಿ ಬಣ್ಣದಿಂದ ತಿಳಿಯುವುದಿಲ್ಲ. ಕುವೆಂಪುನಗರದಲ್ಲಿ ನಾವು ರೂಢಿಯಾಗಿ ಹೋಗುವ ಗುಜರಿ ಅಂಗಡಿಯಲ್ಲಿ ಅದು ತಿಳಿಯುತ್ತದೆ. ಈ ವಿಮರ್ಶೆ ಬರೆಯಲು ಮುಖ್ಯ ಕಾರಣ ಅದೇ.

ಅಂಗಡಿ ದೊಡ್ಡದಲ್ಲ. ಮುಂಭಾಗದಲ್ಲಿ ಎಲೆಕ್ಟ್ರಾನಿಕ್ ತಕ್ಕಡಿ, ಅದರ ಹಿಂದೆ ಗೋಣಿಚೀಲಗಳ ಸಾಲು, ಒಂದೊಂದು ಚೀಲದಲ್ಲೂ ಒಂದೊಂದೇ ಬಗೆಯ ಸಾಮಾನು. ಕಾಗದವನ್ನು ಇಲ್ಲಿ ಒಂದೇ ರಾಶಿಯಾಗಿ ತೂಗುವುದಿಲ್ಲ. ದಿನಪತ್ರಿಕೆಗೆ ಒಂದು ದರ, ಪುಸ್ತಕಗಳಿಗೆ ಇನ್ನೊಂದು, ರಟ್ಟಿಗೆ ಮತ್ತೊಂದು. ಎಣ್ಣೆ ಹಿಡಿದ ಕಾಗದವನ್ನು ಮುಟ್ಟುವುದೇ ಇಲ್ಲ. ಕಾರ್ಖಾನೆಯಲ್ಲಿ ಹಳೆಯ ಕಾಗದವನ್ನು ನೀರಿನಲ್ಲಿ ಕದಡಿ ನಾರನ್ನು ಬಿಡಿಸುತ್ತಾರೆ, ಎಣ್ಣೆಯಾದರೋ ನೀರಿಗೆ ಬಿಟ್ಟುಕೊಳ್ಳದೆ ನಾರಿಗೇ ಅಂಟಿ ಹೊಸ ಹಾಳೆಯನ್ನು ಕೆಡಿಸುತ್ತದೆ. ಆದ್ದರಿಂದ ಪಿಜ್ಜಾ ಡಬ್ಬಿಯ ಜಿಡ್ಡಾದ ತಳವನ್ನು ಹರಿದು ಹಿಂದಿರುಗಿಸಿ, ಶುಚಿಯಾಗಿರುವ ಮೇಲ್ಭಾಗವನ್ನಷ್ಟೇ ಇಟ್ಟುಕೊಳ್ಳುತ್ತಾರೆ. ಶಾಖದಿಂದ ಅಕ್ಷರ ಮೂಡುವ ನುಣುಪಾದ ಅಂಗಡಿ ಬಿಲ್ಲಿಗೆ ರಾಸಾಯನಿಕದ ಲೇಪವಿರುವುದರಿಂದ ಅದೂ ಕಾಗದದ ಚೀಲಕ್ಕೆ ಸೇರುವುದಿಲ್ಲ.

ಅಂಗಡಿಯವರ ತಿಳಿವಳಿಕೆ ಹೆಚ್ಚಾಗಿ ಕಾಣುವುದು ಪ್ಲಾಸ್ಟಿಕ್ಕಿನ ವಿಷಯದಲ್ಲಿ. ಡಬ್ಬಿಯನ್ನು ಕೈಗೆತ್ತಿಕೊಂಡ ಕೂಡಲೇ ಬೋರಲು ಹಾಕಿ, ತಳದ ತ್ರಿಕೋನದೊಳಗಿನ ಅಂಕಿಯನ್ನು ನೋಡುತ್ತಾರೆ. 1 ಎಂದಿದ್ದರೆ ನೀರಿನ ಬಾಟಲಿಯ ಪೆಟ್, 2 ಎಂದಿದ್ದರೆ ಶಾಂಪೂ ಬಾಟಲಿಯಂಥ ಗಟ್ಟಿ ಪಾಲಿಥೀನ್, 5 ಎಂದಿದ್ದರೆ ಊಟದ ಪಾರ್ಸೆಲ್ ಡಬ್ಬಿಯ ಪಾಲಿಪ್ರೊಪಿಲೀನ್. ಇವು ಕರಗುವ ಉಷ್ಣತೆ ಬೇರೆ ಬೇರೆಯಾದ್ದರಿಂದ ಒಟ್ಟಿಗೆ ಕರಗಿಸಿದರೆ ಬರುವ ಮಾಲು ದುರ್ಬಲವಾಗುತ್ತದೆ. ಬಾಟಲಿಯ ಮುಚ್ಚಳದ ಬಗ್ಗೆ ಅವರು ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ, ಏಕೆಂದರೆ ಪುಡಿ ಮಾಡಿ ನೀರಿಗೆ ಹಾಕಿದಾಗ ಪೆಟ್ ಮುಳುಗುತ್ತದೆ, ಮುಚ್ಚಳದ ಚೂರುಗಳು ತೇಲುತ್ತವೆ. ಪಿವಿಸಿ ಪೈಪಿನ ತುಂಡನ್ನು ಮಾತ್ರ ಕಟ್ಟುನಿಟ್ಟಾಗಿ ದೂರವಿಡುತ್ತಾರೆ. ಅದೂ ಪೆಟ್‌ನಂತೆ ಮುಳುಗುವುದರಿಂದ ನೀರಿನಲ್ಲಿ ಬೇರ್ಪಡುವುದಿಲ್ಲ, ಸ್ವಲ್ಪ ಸೇರಿದರೂ ಇಡೀ ಮಾಲು ಹಾಳಾಗುತ್ತದೆ. ಶಾಲೆಯ ವಿಜ್ಞಾನದ ಪಾಠದಲ್ಲಿ ಬರುವ ಸಾಂದ್ರತೆ ಹೀಗೆ ಕಸಕ್ಕೆ ಸಂಬಂಧಪಟ್ಟ ಸಂಗತಿಯೆಂದು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ.

ಹಾಲಿನ ಕವರಿಗೂ ಇಲ್ಲಿ ಬೆಲೆಯುಂಟು, ತೊಳೆದು ಒಣಗಿಸಿದ್ದರೆ ಮಾತ್ರ. ಹಾಲಿನ ಪಸೆ ಉಳಿದ ಕವರು ಒಂದೆರಡು ದಿನದಲ್ಲೇ ನಾರುತ್ತದೆ, ಜೊತೆಯಲ್ಲಿರುವ ಕಾಗದವನ್ನೂ ಕೆಡಿಸುತ್ತದೆ. "ಅಮ್ಮಾ, ಮೂಲೆ ಪೂರ್ತಿ ಕತ್ತರಿಸ್ಬೇಡಿ, ಚೂರು ಕವರಿಗೇ ಅಂಟ್ಕೊಂಡಿರ್ಲಿ" ಎಂದು ಅಂಗಡಿಯವರು ಬಂದವರಿಗೆಲ್ಲ ಹೇಳುತ್ತಾರೆ. ಕತ್ತರಿಸಿದ ಆ ಚಿಕ್ಕ ಮೂಲೆ ಸಿಂಕಿನ ಮೂಲಕ ಚರಂಡಿಗೋ, ತರಕಾರಿ ಸಿಪ್ಪೆಯ ಜೊತೆ ಗೊಬ್ಬರಕ್ಕೋ ಸೇರಿಬಿಟ್ಟರೆ ಮತ್ತೆ ಹೆಕ್ಕಿ ತೆಗೆಯುವುದು ಯಾರಿಂದಲೂ ಆಗದು.

ಗುಜರಿ ಅಂಗಡಿ ಮಾರಾಟವಾಗುವುದನ್ನಷ್ಟೇ ಕೊಳ್ಳುತ್ತದೆ ಎಂಬುದನ್ನು ಮರೆಯಬಾರದು. ಚಿಪ್ಸ್ ಪೊಟ್ಟಣದಲ್ಲಿ ಪ್ಲಾಸ್ಟಿಕ್ಕಿನ ಮೇಲೆ ಅಲ್ಯೂಮಿನಿಯಂ ಪದರವಿದ್ದು ಅವನ್ನು ಬಿಡಿಸುವುದು ಕಷ್ಟ; ಅಂಥದ್ದು ಹೆಚ್ಚೆಂದರೆ ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಉರುವಲಾಗುತ್ತದೆ. ಜ್ಯೂಸಿನ ಟೆಟ್ರಾ ಪ್ಯಾಕ್, ಥರ್ಮಾಕೋಲ್, ಒಡೆದ ಗಾಜು ಇವನ್ನೂ ಇಲ್ಲಿ ತೆಗೆದುಕೊಳ್ಳುವುದಿಲ್ಲ. ಇವೆಲ್ಲ ಒಣ ಕಸವಾಗಿಯೇ ಬೆಳಗಿನ ಕಸದ ಗಾಡಿಗೆ ಹೋಗಬೇಕು, ಗಾಜನ್ನು ದಪ್ಪ ಕಾಗದದಲ್ಲಿ ಸುತ್ತಿ. ಸ್ಯಾನಿಟರಿ ಪ್ಯಾಡು, ಡಯಾಪರ್‌ಗಳನ್ನು ಭದ್ರವಾಗಿ ಸುತ್ತಿಯೇ ಕೊಡಬೇಕೆಂದು ನಿಯಮದಲ್ಲೇ ಇದೆ. ನಾವು ಕೊಟ್ಟದ್ದನ್ನು ಮತ್ತೆ ಕೈಯಿಂದ ವಿಂಗಡಿಸುವವರು ಮನುಷ್ಯರು, ಅವರ ಆರೋಗ್ಯ ನಮ್ಮ ಒಂದು ಹಾಳೆ ಕಾಗದವನ್ನು ಅವಲಂಬಿಸಿದೆ.

ಬೆಲೆ ಬರುವುದನ್ನೆಲ್ಲ ಅಂಗಡಿಗೆ ಮಾರಿ, ಯಾರಿಗೂ ಬೇಡವಾದುದನ್ನು ಮಾತ್ರ ಗಾಡಿಗೆ ಹಾಕುವುದು ಸರಿಯೇ ಎಂಬ ಪ್ರಶ್ನೆಯೂ ನನ್ನನ್ನು ಕಾಡುತ್ತದೆ. ಕುಂಬಾರಕೊಪ್ಪಲಿನ ಶೂನ್ಯ ತ್ಯಾಜ್ಯ ಘಟಕದಂಥ ಕಡೆ ಹಸಿ ಕಸ ಗೊಬ್ಬರವಾಗುವಂತೆ ಒಣ ಕಸ ಬಗೆಬಗೆಯಾಗಿ ಬೇರ್ಪಟ್ಟು ಮಾರಾಟವಾಗುತ್ತದೆ. ಆ ದುಡಿಮೆಗೂ ಬೆಲೆಯುಳ್ಳ ಮಾಲು ಬೇಕು. ಅದಕ್ಕಾಗಿ ನಾನು ದಿನಪತ್ರಿಕೆ, ಹಳೆಯ ಪಾತ್ರೆ, ಕಬ್ಬಿಣ ಮುಂತಾದ ಭಾರದ ಸಾಮಾನುಗಳನ್ನು ಅಂಗಡಿಗೆ ಒಯ್ದು, ಪೆಟ್ ಬಾಟಲಿ ಮತ್ತು ರಟ್ಟನ್ನು ಶುಚಿಯಾಗಿ ಕಟ್ಟಿ ಗಾಡಿಯವರಿಗೇ ಬಿಡುತ್ತೇನೆ.

ಕೊರತೆಗಳನ್ನೂ ಹೇಳಬೇಕು. ದರಪಟ್ಟಿಯನ್ನು ಎಲ್ಲಿಯೂ ತೂಗುಹಾಕಿಲ್ಲ. ಕೇಳಿದರೆ ಹೇಳುತ್ತಾರೆ, ಕೇಳದವರಿಗೆ ಮೊತ್ತ ಮಾತ್ರ ಗೊತ್ತಾಗುತ್ತದೆ. ತಕ್ಕಡಿಯ ಅಂಕಿಗಳು ಅಂಗಡಿಯವರ ಕಡೆಗೆ ಮುಖ ಮಾಡಿವೆ, ಅದನ್ನು ಗಿರಾಕಿಯ ಕಡೆಗೆ ತಿರುಗಿಸಿಡುವುದು ಕಷ್ಟದ ಕೆಲಸವಲ್ಲ. ಇವೆರಡಕ್ಕಿಂತ ಗಂಭೀರವಾದುದು ಹಳೆಯ ಟಿವಿ, ಚಾರ್ಜರ್, ಮೊಬೈಲ್‌ಗಳನ್ನೂ ಇವರು ಕಬ್ಬಿಣದ ಜೊತೆಗೆ ಕೊಳ್ಳುವುದು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಇಂಥ ವಸ್ತುಗಳು ನೋಂದಾಯಿತ ಮರುಬಳಕೆದಾರರಿಗೇ ತಲುಪಬೇಕು. ಹಾಗಾಗದೆ ಯಾರೋ ಬಯಲಿನಲ್ಲಿ ವಯರು ಸುಟ್ಟು ತಾಮ್ರ ತೆಗೆದರೆ, ಅದರ ಪಿವಿಸಿ ಹೊದಿಕೆಯಿಂದ ಡಯಾಕ್ಸಿನ್‌ನಂಥ ವಿಷ ಹೊರಬೀಳುತ್ತದೆ. ಆದ್ದರಿಂದ ಕಾಗದ, ಪ್ಲಾಸ್ಟಿಕ್, ಲೋಹಕ್ಕೆ ಈ ಅಂಗಡಿಯನ್ನು ಮನಃಪೂರ್ವಕವಾಗಿ ಶಿಫಾರಸು ಮಾಡುತ್ತೇನೆ. ಎಲೆಕ್ಟ್ರಾನಿಕ್ ಸಾಮಾನು, ಬ್ಯಾಟರಿ, ಪಾದರಸವಿರುವ ಸಿಎಫ್‌ಎಲ್ ಬಲ್ಬುಗಳಿಗೆ ಮಾಡುವುದಿಲ್ಲ.

ಸಾಮಾನು ಹೆಚ್ಚಿದ್ದರೆ ಅಂಗಡಿಯ ಹುಡುಗರು ಗೂಡ್ಸ್ ಆಟೋ ತಂದು ಮನೆಯಿಂದಲೇ ಒಯ್ಯುತ್ತಾರೆ, ಮಹಡಿಯಿಂದ ಇಳಿಸಲೂ ಬೇಸರಪಡುವುದಿಲ್ಲ. ಮೊದಲೇ ಬಗೆಬಗೆಯಾಗಿ ಕಟ್ಟಿಟ್ಟರೆ ತೂಕ ಬೇಗ ಮುಗಿಯುತ್ತದೆ, ದರವೂ ಚೆನ್ನಾಗಿ ಸಿಗುತ್ತದೆ. ಕಲಸಿಟ್ಟ ಮೂಟೆಗೆ ಕಡಿಮೆ ಬೆಲೆಯ ಮಾಲಿನ ದರವನ್ನೇ ಕಟ್ಟುತ್ತಾರೆ. ಆಯುಧಪೂಜೆಗೆ ಮುಂಚಿನ ವಾರ ಊರಿನವರೆಲ್ಲ ಮನೆ ಶುಚಿಮಾಡಲು ತೊಡಗುವುದರಿಂದ ಆಟೋ ಸಿಗುವುದು ಕಷ್ಟ. ಗಣಪತಿ ಹಬ್ಬ ಮುಗಿದ ಕೂಡಲೇ ಹೇಳಿಟ್ಟುಕೊಳ್ಳುವುದು ಒಳ್ಳೆಯದು.