ಸೋಲಾರ್ ಟ್ಯಾಂಕಿನ ಏರ್ ಪೈಪಿಗೆ ವಾಲ್ವ್ ಹಾಕಿಸಬೇಡಿ

ಮನೆ ಮೇಲೆ ಸೋಲಾರ್ ವಾಟರ್ ಹೀಟರ್ ಇದ್ದು, ಪ್ರೆಶರ್ ಪಂಪು ಹಾಕಿಸಬೇಕು ಅಂತಿರೋರು ದಯವಿಟ್ಟು ಇದನ್ನು ಪೂರ್ತಿ ಓದಿ.

ಚಿಕ್ಕಮಗಳೂರಿನಲ್ಲಿ ನಮ್ಮದು ಮಹಡಿ ಮನೆ. ಟೆರೇಸಿನಲ್ಲಿ 200 ಲೀಟರಿನ ಸೋಲಾರ್. ಮೇಲಿನ ಬಚ್ಚಲುಮನೆಯ ಶವರಿನಲ್ಲಿ ನೀರು ಸಣ್ಣಗೆ ಬರುತ್ತಿತ್ತು. ನೀರು 10 ಮೀಟರ್ ಎತ್ತರದಿಂದ ಇಳಿದರೆ ಸಿಗೋದು ಸುಮಾರು 1 ಬಾರ್ ಒತ್ತಡ. ನಮ್ಮ ಶವರಿಗೆ 2 ಮೀಟರೂ ಸಿಗುತ್ತಿರಲಿಲ್ಲ. ಪ್ಲಂಬರ್ ಬಂದು ತಣ್ಣೀರಿನ ಲೈನಿಗೆ ಮಾತ್ರ ಪಂಪು ಕೂರಿಸಿದರು. ಎಡವಟ್ಟು ಶುರುವಾಗಿದ್ದೇ ಇಲ್ಲಿ.

ನಮ್ಮದು ಹ್ಯಾಂಡ್ ಶವರ್. ಮಕ್ಕಳು ಬಿಸಿನೀರು ತಣ್ಣೀರು ಬೆರೆಸುವ ಮಿಕ್ಸರಿನ ಎರಡೂ ನಲ್ಲಿ ಬಿಟ್ಟು, ಶವರಿನ ಬಟನ್ ಒತ್ತಿ ನೀರು ನಿಲ್ಲಿಸುತ್ತಾರೆ. ಆಗ ನೀರಿಗೆ ಹೊರಗೆ ದಾರಿ ಇಲ್ಲ. ಪಂಪು ತಳ್ಳುವ ತಣ್ಣೀರು ಮಿಕ್ಸರಿನೊಳಗಿಂದಲೇ ಬಿಸಿನೀರಿನ ಪೈಪಿಗೆ ನುಗ್ಗಿ, ಉಲ್ಟಾ ಹತ್ತಿ ಸೋಲಾರ್ ಟ್ಯಾಂಕು ಸೇರುತ್ತದೆ. ಅಲ್ಲಿಂದ, ಗಾಳಿಯಾಡಲು ಟ್ಯಾಂಕಿಗೆ ಇಟ್ಟಿರುವ ಏರ್ ಪೈಪಿನಲ್ಲಿ ಹೊರಗೆ ಸುರಿಯುತ್ತದೆ. ನಮಗೆ ಆಗ ಇದ್ಯಾವುದೂ ಗೊತ್ತಿರಲಿಲ್ಲ. ರಾತ್ರಿಯೆಲ್ಲ ಟೆರೇಸ್ ಒದ್ದೆ, ಬೆಳಗ್ಗೆ ಸ್ನಾನದ ನೀರು ಉಗುರುಬೆಚ್ಚಗೆ. ಕಾಣುತ್ತಿದ್ದದ್ದು ಇಷ್ಟೇ.

"ಸುಮ್ನೆ ನೀರು ವೇಸ್ಟ್ ಆಗ್ತಿದೆ ಸಾರ್, ಏರ್ ಪೈಪಿಗೆ ಒಂದು ಬಾಲ್ ವಾಲ್ವ್ ಹಾಕಿ ಮುಚ್ಚಿಬಿಡೋಣ" ಅಂದರು ಪ್ಲಂಬರ್. ನಾನೂ ಹೂಂ ಅಂದೆ. ಸೋಲಾರಿಗೆ ಹೋಗುವ ತಣ್ಣೀರಿನ ಗೇಟ್ ವಾಲ್ವನ್ನೂ ಅರ್ಧಕ್ಕೆ ತಿರುಗಿಸಿದರು, ಫ್ಲೋ ಕಂಟ್ರೋಲ್ ಆಗಲಿ ಅಂತ.

ಹೋದ ಫೆಬ್ರವರಿಯ ಒಂದು ಸಂಜೆ. ಅಮ್ಮ ಟೆರೇಸಿನಲ್ಲಿ ಮಣೆ ಹಾಕಿಕೊಂಡು, ಒಣಗಿದ ಕಾಳುಮೆಣಸು ಬುಟ್ಟಿಗೆ ತುಂಬುತ್ತಿದ್ದರು. ಮೊದಲ ಬುಟ್ಟಿ ಇಡಲು ಕೆಳಗೆ ಬಂದರು. ಮೇಲೆ ಧಡ್ ಅಂತ ಸದ್ದು. ಓಡಿ ಹೋಗಿ ನೋಡಿದರೆ ಟ್ಯಾಂಕಿನ ಒಂದು ಪಕ್ಕ ಉಬ್ಬಿ, ಬೆಸುಗೆ ಬಿಟ್ಟುಕೊಂಡಿದೆ. ಹಬೆಯಾಡುವ ನೀರು ಟಾರ್ಪಾಲಿನ ಮೇಲೆಲ್ಲ ಹರಿಯುತ್ತಿದೆ. ಅಮ್ಮನ ಮಣೆ ಆ ನೀರಿನಲ್ಲಿ ತೇಲುತ್ತಿತ್ತು. ಈಗಲೂ ನೆನೆದರೆ ಕೈ ನಡುಗುತ್ತದೆ.

ಆಮೇಲೆ ಬೇರೆ ಪ್ಲಂಬರ್ ಒಬ್ಬರು ಆ ಗೇಟ್ ವಾಲ್ವ್ ಬಿಚ್ಚಿ ನನ್ನ ಕೈಗೆ ಕೊಟ್ಟರು. ಒಳಗಿನ ಹಿತ್ತಾಳೆ ಗೇಟಿನ ಕೆಳಅಂಚು ಸವೆದು ಗೀರು ಬಿದ್ದಿತ್ತು. ಅದು ಸ್ಪಿಂಡಲಿನಿಂದ, ಅಂದರೆ ಚಕ್ರಕ್ಕೆ ಸೇರಿದ ಕಂಬಿಯಿಂದ, ಕಳಚಿ ಕೆಳಗೆ ಕೂತಿತ್ತು. ಮೇಲಿನ ಚಕ್ರ ತಿರುಗುತ್ತದೆ, ಗೇಟು ಮೇಲೇಳುವುದೇ ಇಲ್ಲ. ಗೇಟ್ ವಾಲ್ವ್ ಇರೋದು ಪೂರ್ತಿ ತೆರೆಯೋಕೆ, ಇಲ್ಲ ಪೂರ್ತಿ ಮುಚ್ಚೋಕೆ. ಅರ್ಧದಲ್ಲಿ ಬಿಟ್ಟರೆ ಸಂದಿಯಲ್ಲಿ ನೀರು ರಭಸವಾಗಿ ಓಡಿ ಗೇಟನ್ನು ಅದುರಿಸುತ್ತದೆ, ಸವೆಸುತ್ತದೆ. ನೀರು ಕಮ್ಮಿ ಜಾಸ್ತಿ ಮಾಡಬೇಕಾದರೆ ಗ್ಲೋಬ್ ವಾಲ್ವ್ ಕೇಳಿ. ಅದರ ಬಿಲ್ಲೆ ಮೇಲಿಂದ ಇಳಿದು ದಾರಿಯನ್ನು ಸ್ವಲ್ಪ ಸ್ವಲ್ಪವೇ ಕಿರಿದು ಮಾಡುತ್ತದೆ.

ಸೋಲಾರ್ ಟ್ಯಾಂಕಿಗೆ ನುಗ್ಗಿದ ನೀರು ವಾಪಸ್ ಹೋಗಬಹುದಾಗಿದ್ದ ತಣ್ಣೀರಿನ ದಾರಿ ಹೀಗೆ ಕಟ್ಟಿತು, ಏರ್ ಪೈಪನ್ನು ನಾವೇ ಕಟ್ಟಿದ್ದೆವು. ಪಂಪಿನ ಒತ್ತಡವೆಲ್ಲ ಟ್ಯಾಂಕಿನ ಮೇಲೆ ಬಿತ್ತು. ಮಾಮೂಲಿ ಸೋಲಾರ್ ಟ್ಯಾಂಕು ಅಷ್ಟು ಒತ್ತಡಕ್ಕೆ ಮಾಡಿದ್ದಲ್ಲ. ಪಂಪು ಇಲ್ಲದಿದ್ದರೂ ಏರ್ ಪೈಪು ಬೇಕೇ ಬೇಕು. 200 ಲೀಟರ್ ನೀರು 20 ಡಿಗ್ರಿಯಿಂದ 60ಕ್ಕೆ ಕಾದರೆ ಸುಮಾರು 3 ಲೀಟರ್ ಹಿಗ್ಗುತ್ತದೆ. ನೀರು ಖಾಲಿಯಾಗುವಾಗ ಗಾಳಿ ಒಳಗೆ ಬರಬೇಕು. ಬರದಿದ್ದರೆ ಟ್ಯಾಂಕು ಒಳಕ್ಕೆ ಕುಸಿಯಲೂಬಹುದು.

ನಮಗೆ ಬೇಕಿದ್ದದ್ದು ಬಿಸಿನೀರಿನ ಲೈನಿಗೆ ಒಂದು ಎನ್‌ಆರ್‌ವಿ, ಅಂದರೆ ನೀರನ್ನು ಒಂದೇ ಕಡೆಗೆ ಬಿಡುವ ವಾಲ್ವ್. ಈಗ ಹಾಕಿಸಿದ್ದೇವೆ. ಆ ವಾಲ್ವಿನ ಮೈಮೇಲಿನ ಬಾಣದ ಗುರುತು ಮಿಕ್ಸರಿನ ಕಡೆಗಿರಬೇಕು. ಟ್ಯಾಂಕಿನ ಎತ್ತರ ಕಮ್ಮಿ ಇದ್ದರೆ ಸ್ಪ್ರಿಂಗಿನದು ಬೇಡ, ರೆಕ್ಕೆ ತೂಗಾಡುವ ನಮೂನೆಯದು ಕೇಳಿ, ಕಮ್ಮಿ ಒತ್ತಡಕ್ಕೂ ತೆರೆಯುತ್ತದೆ.

ಇವತ್ತೇ ಟೆರೇಸ್ ಹತ್ತಿ ನೋಡಿ. ಏರ್ ಪೈಪಿನಲ್ಲಿ ವಾಲ್ವ್, ಕ್ಯಾಪು, ಬಟ್ಟೆ ಏನಿದ್ದರೂ ಟ್ಯಾಂಕು ತಣ್ಣಗಿರುವ ಬೆಳಗಿನ ಹೊತ್ತಿನಲ್ಲಿ ತೆಗೆಸಿ. ಗೇಟ್ ವಾಲ್ವಿನ ಚಕ್ರ ಎಷ್ಟು ಸುತ್ತಿದರೂ ಸುಮ್ನೆ ತಿರುಗುತ್ತಲೇ ಇದ್ದರೆ, ಅದನ್ನು ಬದಲಾಯಿಸುವ ತನಕ ಪಂಪಿನ ಸ್ವಿಚ್ ಹಾಕಬೇಡಿ.