ಅಲೆ ಇಲ್ಲದ ಜಾಗ ನೋಡಿ ಸಮುದ್ರಕ್ಕೆ ಇಳಿಯಬೇಡಿ

ವಾರಾಂತ್ಯಕ್ಕೆ ದಿಢೀರ್ ಅಂತ ಕಾರು ಹತ್ತಿ ಕಡಲತೀರಕ್ಕೆ ಹೊರಡುವ ಯೋಚನೆ ಇದ್ದರೆ, ಹೊರಡುವ ಮೊದಲು ದಯವಿಟ್ಟು ಇದನ್ನು ಓದಿ. ಹೋಗಬೇಡಿ ಅಂತ ನಾನು ಹೇಳುತ್ತಿಲ್ಲ. ಆದರೆ ಹಾಗೆ ಹೋಗಿ ನಾನು ಸಾವಿನ ಬಾಗಿಲು ನೋಡಿ ಬಂದಿದ್ದೇನೆ. ನನ್ನನ್ನು ಎಳೆದುಕೊಂಡು ಹೋದದ್ದು ದೊಡ್ಡ ಅಲೆಯಲ್ಲ. ಇಡೀ ತೀರದಲ್ಲಿ ಅಲೆಯೇ ಇಲ್ಲದೆ, ಕೆರೆಯ ಹಾಗೆ ಸುಮ್ಮನೆ ಬಿದ್ದಿದ್ದ ಒಂದು ಜಾಗ.

ಶುಕ್ರವಾರ ರಾತ್ರಿ ಹತ್ತು ಗಂಟೆಗೆ ಗೆಳೆಯನ ಫೋನ್ ಬಂತು. "ನಾಳೆ ನಾಡಿದ್ದು ಫ್ರೀ ಇದೀಯಾ? ನಡಿಯೋ, ಸಮುದ್ರ ನೋಡ್ಕೊಂಡು ಬರೋಣ." ಹನ್ನೊಂದಕ್ಕೆಲ್ಲ ಅವನ ಕಾರಿನಲ್ಲಿದ್ದೆವು. ಒಂದೊಂದು ಬ್ಯಾಗು, ಎರಡು ಟವೆಲ್ಲು, ಒಂದು ಚಾರ್ಜರ್. ಮನೆಯಲ್ಲಿ "ಅವನ ಜೊತೆ ಹೋಗಿ ಬರ್ತೀನಿ" ಅಂದೆ, ಅಷ್ಟೇ. ಯಾವ ಊರು, ಯಾವ ತೀರ, ಯಾವಾಗ ವಾಪಸ್ಸು, ಒಂದೂ ಹೇಳಲಿಲ್ಲ. ನಮಗೇ ಗೊತ್ತಿರಲಿಲ್ಲ.

ಅವತ್ತು ಇಬ್ಬರೂ ಬೆಳಿಗ್ಗೆ ಆರಕ್ಕೆ ಎದ್ದವರು. ಅಂದರೆ ಕಾರು ಸ್ಟಾರ್ಟ್ ಮಾಡುವ ಹೊತ್ತಿಗೇ 17 ಗಂಟೆ ನಿದ್ದೆ ಇಲ್ಲ. ಇದರ ಬಗ್ಗೆ ನಾನು ಆಮೇಲೆ ಓದಿದೆ. 17 ಗಂಟೆ ಎಚ್ಚರವಾಗಿದ್ದವರ ಕೈ, ಕಣ್ಣು, ಗಮನ ಎಲ್ಲವೂ, ರಕ್ತದಲ್ಲಿ ಶೇಕಡಾ 0.05 ಆಲ್ಕೋಹಾಲ್ ಇರುವವರ ಮಟ್ಟಕ್ಕೆ ಇಳಿಯುತ್ತದಂತೆ. 24 ಗಂಟೆಯಾದರೆ ಅದು ಶೇಕಡಾ 0.10ಕ್ಕೆ ಸಮ. ಕುಡಿದು ಗಾಡಿ ಓಡಿಸೋಣ ಅಂತ ಯಾರಾದರೂ ಅಂದಿದ್ದರೆ ನಾವಿಬ್ಬರೂ ಖಂಡಿತ ಬೈಯುತ್ತಿದ್ದೆವು. ನಿದ್ದೆಗೆಟ್ಟು ಓಡಿಸುವುದು ಮಾತ್ರ ನಮಗೆ ತಪ್ಪು ಅಂತಲೇ ಅನ್ನಿಸಲಿಲ್ಲ.

ಬೆಳಗಿನ ಜಾವ ನಾಲ್ಕರ ಹೊತ್ತಿಗೆ ನಾನು ಪಕ್ಕದ ಸೀಟಿನಲ್ಲಿ ತೂಕಡಿಸುತ್ತಿದ್ದೆ. ಚಕ್ರದ ಕೆಳಗೆ ಜಲ್ಲಿಕಲ್ಲು ಗರಗರ ಅಂದ ಸದ್ದಿಗೆ ಎಚ್ಚರವಾಯಿತು. ಕಾರು ರಸ್ತೆ ಬಿಟ್ಟು ಮಣ್ಣಿಗೆ ಇಳಿದಿತ್ತು. ಗೆಳೆಯನ ಎರಡೂ ಕೈ ಸ್ಟೀರಿಂಗ್ ಮೇಲೇ ಇದ್ದವು, ಕಣ್ಣೂ ತೆರೆದೇ ಇತ್ತು. ನಾನು ಕಿರುಚಿದ ಮೇಲೆ ಕಾರನ್ನು ರಸ್ತೆಗೆ ಎಳೆದುಕೊಂಡ. "ನಾನು ಮಲಗಿರಲಿಲ್ಲ ಕಣೋ" ಅಂದ. ಸುಳ್ಳು ಹೇಳಲಿಲ್ಲ ಅವನು. ಕೆಲವೇ ಸೆಕೆಂಡಿನ ಈ ನಿದ್ದೆಯಲ್ಲಿ ಕಣ್ಣು ಮುಚ್ಚಲೇಬೇಕು ಅಂತಿಲ್ಲ. ಮಲಗಿದವರಿಗೆ ತಾವು ಮಲಗಿದ್ದು ಗೊತ್ತೇ ಆಗುವುದಿಲ್ಲ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ಮೂರು ಸೆಕೆಂಡ್ ಅಂದರೆ 66 ಮೀಟರ್. ಅಷ್ಟು ದೂರ ಆ ಕಾರನ್ನು ಯಾರೂ ಓಡಿಸುತ್ತಿರಲಿಲ್ಲ.

ಅಲ್ಲೇ ನಿಲ್ಲಿಸಬೇಕಿತ್ತು. ಸುರಕ್ಷಿತ ಜಾಗ ನೋಡಿ, ಬಾಗಿಲು ಲಾಕ್ ಮಾಡಿಕೊಂಡು, ಇಪ್ಪತ್ತು ನಿಮಿಷವಾದರೂ ಮಲಗಬೇಕಿತ್ತು. ನಾವು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಕಿಟಕಿ ಇಳಿಸಿದೆವು, ಹಾಡಿನ ಸೌಂಡ್ ಜಾಸ್ತಿ ಮಾಡಿದೆವು. ಅದರಿಂದ ನಿದ್ದೆ ಹೋಗುವುದಿಲ್ಲ. ಎಚ್ಚರ ಇದ್ದೇವೆ ಅನ್ನುವ ಧೈರ್ಯ ಮಾತ್ರ ಬರುತ್ತದೆ. ಕಾಫಿ ಕುಡಿದರೂ ಅದು ಕೆಲಸ ಶುರು ಮಾಡಲು ಸುಮಾರು ಅರ್ಧ ಗಂಟೆ ಬೇಕು.

ಏಳು ಗಂಟೆಗೆ ಸಮುದ್ರ ಕಂಡಿತು. ಕಂಡ ಕೂಡಲೇ ಸುಸ್ತೆಲ್ಲ ಹೋದ ಹಾಗಾಯಿತು. ಹೋಗಿರಲಿಲ್ಲ. ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ಮುಂದಿನ ತಪ್ಪಿಗೆಲ್ಲ ಬೇರು ಅಲ್ಲಿದೆ. ಚೆನ್ನಾಗಿ ನಿದ್ದೆ ಮಾಡಿದ್ದರೆ ನಾನು ಐದು ನಿಮಿಷ ನಿಂತು ನೀರು ನೋಡುತ್ತಿದ್ದೆನೇನೋ. ಯಾರನ್ನಾದರೂ ಕೇಳುತ್ತಿದ್ದೆನೇನೋ. ಅವತ್ತು ನನಗೆ ನೀರಿಗೆ ಬೀಳಬೇಕಿತ್ತು, ಅಷ್ಟೇ.

ತೀರದಲ್ಲಿ ಜನ ಇರಲಿಲ್ಲ. ಕಾವಲಿನವರು ಇಲ್ಲ, ಬಾವುಟ ಇಲ್ಲ, ಬೋರ್ಡೂ ಇಲ್ಲ. ದೂರದಲ್ಲಿ ಮೂರು ನಾಲ್ಕು ಮೀನುಗಾರರು ಬಲೆ ಬಿಡಿಸುತ್ತಾ ಕೂತಿದ್ದರು. ಎಡಕ್ಕೂ ಬಲಕ್ಕೂ ಅಲೆಗಳು ಬಿಳೀ ನೊರೆ ಎಬ್ಬಿಸಿಕೊಂಡು ಒಡೆಯುತ್ತಿದ್ದವು. ನಡುವೆ ಒಂದು ಮೂವತ್ತು ಹೆಜ್ಜೆ ಅಗಲದ ಜಾಗದಲ್ಲಿ ಮಾತ್ರ ಏನೂ ಇಲ್ಲ. ನೊರೆ ಇಲ್ಲ, ಸದ್ದಿಲ್ಲ. ನೀರಿನ ಬಣ್ಣ ಅಕ್ಕಪಕ್ಕಕ್ಕಿಂತ ಒಂದು ಚೂರು ಗಾಢ. "ಅಲ್ಲಿ ಅಲೇನೇ ಇಲ್ಲ ನೋಡೋ, ಅಲ್ಲೇ ಇಳಿಯೋಣ" ಅಂದವನು ನಾನೇ.

ಗೆಳೆಯನಿಗೆ ಈಜು ಬರುವುದಿಲ್ಲ. ಮೊಣಕಾಲುದ್ದದ ನೀರಲ್ಲಿ ನಿಂತ. ನನಗೆ ಚಿಕ್ಕಂದಿನಿಂದ ಈಜು ಗೊತ್ತು. ಸೊಂಟದವರೆಗೆ ಹೋದೆ, ಎದೆಯವರೆಗೆ ಹೋದೆ. ಕಾಲಿನ ಕೆಳಗಿನ ಮರಳು ಹಿಂದಕ್ಕೆ ಜಾರುತ್ತಿರುವುದು ಗೊತ್ತಾಗುತ್ತಿತ್ತು. ಮಜಾ ಅನ್ನಿಸಿತು. ಒಂದು ಮುಳುಗು ಹಾಕಿ ಎದ್ದು ಕಾಲು ಕೆಳಗೆ ಬಿಟ್ಟರೆ ನೆಲ ಇಲ್ಲ. ತಿರುಗಿ ನೋಡಿದರೆ ಗೆಳೆಯ ಬೆರಳಷ್ಟು ಕಾಣುತ್ತಿದ್ದ.

ಗಾಬರಿಯಾಗಲಿಲ್ಲ ಮೊದಲು. ನೇರವಾಗಿ ದಡದ ಕಡೆಗೆ ಈಜಿದೆ. ಇಪ್ಪತ್ತು ಸಲ ಕೈ ಬೀಸಿ ತಲೆ ಎತ್ತಿದೆ. ಅವನು ಇನ್ನೂ ಚಿಕ್ಕದಾಗಿದ್ದ. ಜೋರಾಗಿ ಈಜಿದೆ. ಬಾಯಿಗೆ ಉಪ್ಪುನೀರು ಬಂತು, ಕೆಮ್ಮಿದೆ, ಕೆಮ್ಮುವಾಗ ಇನ್ನಷ್ಟು ನೀರು ಒಳಗೆ ಹೋಯಿತು. ಎಡಗಾಲಿನ ಮೀನಖಂಡ ಕಲ್ಲಿನ ಹಾಗೆ ಹಿಡಿದುಕೊಂಡಿತು. ಆಗ ಗಾಬರಿಯಾಯಿತು. ಈಜುಕೊಳದಲ್ಲಿ ಸುಸ್ತಾದರೆ ಕೈ ಚಾಚಿದರೆ ಅಂಚು ಸಿಗುತ್ತದೆ ಅಲ್ವಾ? ಅಲ್ಲಿ ಹಿಡಿಯಲು ಏನೂ ಇಲ್ಲ. ಎಷ್ಟು ಈಜಿದರೂ ದಡ ಹತ್ತಿರ ಬರುವುದಿಲ್ಲ. ಅದಕ್ಕಿಂತ ದೊಡ್ಡ ಹೆದರಿಕೆ ನನಗೆ ಗೊತ್ತಿಲ್ಲ.

ದಡದಲ್ಲಿ ಏನಾಗುತ್ತಿತ್ತು ಅಂತ ನನಗೆ ಆಮೇಲೆ ಗೊತ್ತಾಯಿತು. ಫೋನು ಎರಡೂ ಕಾರಿನ ಒಳಗಿದ್ದವು. ಹಗ್ಗ, ಖಾಲಿ ನೀರಿನ ಕ್ಯಾನು, ಸ್ಟೆಪ್ನಿ ಎಲ್ಲವೂ ಡಿಕ್ಕಿಯಲ್ಲಿದ್ದವು. ಕಾರು ಲಾಕ್ ಆಗಿತ್ತು. ಕೀ ನನ್ನ ಚಡ್ಡಿಯ ಜೇಬಿನಲ್ಲಿ, ನನ್ನ ಜೊತೆ ಸಮುದ್ರದಲ್ಲಿತ್ತು. ಗೆಳೆಯ ಕಾರಿನ ಹತ್ತಿರ ಓಡಿದ, ಬಾಗಿಲು ಎಳೆದ, ವಾಪಸ್ಸು ಓಡಿ ಬಂದ. ಕೊನೆಗೆ ಈಜು ಬರದ ಅವನು ನನಗಾಗಿ ನೀರಿಗೆ ಇಳಿದ. ಇದನ್ನು ಬರೆಯುವಾಗಲೂ ಕೈ ನಡುಗುತ್ತದೆ.

ಅವನ ತೋಳು ಹಿಡಿದು ನಿಲ್ಲಿಸಿದ್ದು ಬಲೆ ಬಿಡಿಸುತ್ತಿದ್ದ ಒಬ್ಬ ಹಿರಿಯರು. "ನೀನೂ ಹೋದ್ರೆ ಇಬ್ಬರನ್ನ ಹುಡುಕಬೇಕಾಗುತ್ತೆ ತಮ್ಮಾ" ಅಂದರಂತೆ. ಮುಳುಗುತ್ತಿರುವವರನ್ನು ಉಳಿಸಲು ಬರಿಗೈಯಲ್ಲಿ ಇಳಿದು ಇಳಿದವರೇ ಸಾಯುವುದು ಪ್ರಪಂಚದ ಎಲ್ಲ ತೀರಗಳಲ್ಲೂ ನಡೆಯುತ್ತದೆ. ಅಪ್ಪಂದಿರು, ಅಣ್ಣಂದಿರು, ಗೆಳೆಯರು ಹಾಗೇ ಹೋಗುತ್ತಾರೆ. ನಿಮ್ಮವರು ನೀರಲ್ಲಿದ್ದರೆ ಕಿರುಚಿ ಜನ ಸೇರಿಸಿ, ಫೋನ್ ಮಾಡಿಸಿ. ಮುಚ್ಚಳ ಹಾಕಿದ ಖಾಲಿ ಕ್ಯಾನು, ಚೆಂಡು, ಟ್ಯೂಬು, ತೇಲುವಂಥದ್ದು ಏನಿದ್ದರೂ ಅವರ ಕಡೆಗೆ ಎಸೆಯಿರಿ. ಕೈಯಲ್ಲಿ ತೇಲುವ ವಸ್ತು ಇಲ್ಲದೆ ಇಳಿಯಬೇಡಿ. ಎಷ್ಟು ಕಷ್ಟವಾದರೂ ಇಳಿಯಬೇಡಿ.

ನಾನು ತಲೆ ಎತ್ತಿದಾಗ ಕಂಡದ್ದು ಆ ಹಿರಿಯರು ಹೆಗಲ ಮೇಲಿನ ಬಟ್ಟೆ ತೆಗೆದು ಬೀಸುತ್ತಿದ್ದದ್ದು. ಬಾ ಬಾ ಅಂತ ಕರೆಯುತ್ತಿದ್ದಾರೆ ಅಂದುಕೊಂಡೆ. ಆದರೆ ಬೀಸುವ ರೀತಿ ಬೇರೆ ಇತ್ತು. ಮತ್ತೆ ಮತ್ತೆ ಒಂದೇ ಪಕ್ಕಕ್ಕೆ, ಬಲಕ್ಕೆ. ದಡದ ಕಡೆಗಲ್ಲ, ದಡದ ಉದ್ದಕ್ಕೆ. ಅರ್ಥವಾಗಲಿಲ್ಲ. ಈಜಲು ಶಕ್ತಿಯೂ ಇರಲಿಲ್ಲ. ಬೆನ್ನ ಮೇಲೆ ಮಲಗಿ ಸುಮ್ನೆ ತೇಲಿದೆ. ಕಿವಿಯೊಳಗೆ ನೀರು, ಮೇಲೆ ಆಕಾಶ. ಉಸಿರು ಹಿಡಿತಕ್ಕೆ ಬಂತು. ಸ್ವಲ್ಪ ಹೊತ್ತಿಗೆ ಎಳೆತ ಕಡಿಮೆಯಾದದ್ದು ಮೈಗೇ ಗೊತ್ತಾಯಿತು. ಆಗ ಅವರು ತೋರಿಸಿದ ಕಡೆಗೆ, ಬಲಕ್ಕೆ ನಿಧಾನವಾಗಿ ಕೈ ಹಾಕಿದೆ. ಎಷ್ಟು ಹೊತ್ತೋ ಗೊತ್ತಿಲ್ಲ. ಬೆಳಿಗ್ಗೆ ನಾನು ಹೆದರಿ ಬಿಟ್ಟುಬಂದಿದ್ದ ಬಿಳೀ ನೊರೆಯ ಅಲೆ ಬೆನ್ನಿಗೆ ಬಡಿಯಿತು, ಮುಂದಕ್ಕೆ ತಳ್ಳಿತು. ಇನ್ನೊಂದು ಬಂತು, ಅದೂ ತಳ್ಳಿತು. ಇಬ್ಬರು ಹುಡುಗರು ಬಲೆಯ ಬೆಂಡುಗಳನ್ನು ಕಟ್ಟಿದ ಹಗ್ಗ ಹಿಡಿದುಕೊಂಡು ಎದೆಮಟ್ಟದ ನೀರಲ್ಲಿ ಕಾಯುತ್ತಿದ್ದರು. ಹಗ್ಗ ಸಿಕ್ಕಿತು. ಕಾಲಿಗೆ ಮರಳು ಸಿಕ್ಕಿತು.

ಮರಳ ಮೇಲೆ ಮಲಗಿಸಿದ ಮೇಲೆ ಹಿರಿಯರು ಹೇಳಿದ್ದು ಇಷ್ಟು. ಅಲೆಗಳು ದಡಕ್ಕೆ ನೀರು ತರುತ್ತಲೇ ಇರುತ್ತವೆ. ತಂದ ನೀರು ವಾಪಸ್ಸು ಹೋಗಬೇಕಲ್ಲ? ನೀರೊಳಗೆ ಮರಳಿನ ದಿಬ್ಬ ಇರುತ್ತದೆ. ಆ ದಿಬ್ಬ ಎಲ್ಲಿ ಒಡೆದಿದೆಯೋ ಅಲ್ಲಿಂದ ನೀರೆಲ್ಲ ಒಟ್ಟಿಗೆ ನುಗ್ಗಿ ಹೊರಗೆ ಹೋಗುತ್ತದೆ. ಆ ಕಾಲುವೆಯಲ್ಲಿ ಆಳ ಜಾಸ್ತಿ, ಅದಕ್ಕೇ ಅಲ್ಲಿ ಅಲೆ ಒಡೆಯುವುದಿಲ್ಲ. ಅದಕ್ಕೇ ಶಾಂತವಾಗಿ ಕಾಣುತ್ತದೆ. ನಾನು ಒಳ್ಳೆಯ ಜಾಗ ಅಂತ ಆರಿಸಿದ್ದು ಸಮುದ್ರ ವಾಪಸ್ಸು ಹೋಗುವ ದಾರಿಯನ್ನು.

ಇಂಗ್ಲಿಷಿನಲ್ಲಿ ಇದಕ್ಕೆ ರಿಪ್ ಕರೆಂಟ್ ಅನ್ನುತ್ತಾರೆ. ಇಳಿತದ ಹೊತ್ತಿಗೆ ನೀರು ಕಡಿಮೆಯಾಗಿ ಎಲ್ಲ ಆ ಕಾಲುವೆಗೇ ಸೇರುವುದರಿಂದ ಎಳೆತ ಎಷ್ಟೋ ಕಡೆ ಜೋರಾಗುತ್ತದೆ. ಅದರ ವೇಗ ಸೆಕೆಂಡಿಗೆ 2.4 ಮೀಟರ್‌ವರೆಗೂ ಹೋದದ್ದನ್ನು ಅಳೆದಿದ್ದಾರೆ. ಒಲಿಂಪಿಕ್ಸ್ ಈಜುಗಾರರಿಗೂ ಆ ವೇಗದ ಎದುರಿಗೆ ಈಜಲು ಆಗುವುದಿಲ್ಲ. ಹಾಗಾಗಿ ನನಗೆ ಈಜು ಬರುತ್ತೆ ಅನ್ನುವ ಮಾತಿಗೆ ಅಲ್ಲಿ ಬೆಲೆ ಇಲ್ಲ. ಆದರೆ ಇನ್ನೊಂದು ವಿಷಯವೂ ನಿಜ, ಇದನ್ನು ಎಲ್ಲರಿಗೂ ಹೇಳಿ. ಅದು ನಿಮ್ಮನ್ನು ಕೆಳಗೆ ಎಳೆಯುವುದಿಲ್ಲ, ದೂರಕ್ಕೆ ಎಳೆಯುತ್ತದೆ. ಅಲೆಗಳು ಒಡೆಯುವ ಸಾಲು ದಾಟಿದ ಮೇಲೆ ಸಾಮಾನ್ಯವಾಗಿ ಅದರ ಜೋರು ಇಳಿಯುತ್ತದೆ. ಜನ ಸಾಯುವುದು ನೇರ ದಡಕ್ಕೆ ಈಜಿ ಈಜಿ ಸುಸ್ತಾಗಿ. ಸಿಕ್ಕಿಕೊಂಡರೆ ಮೊದಲು ತೇಲಿ. ಕೈ ಎತ್ತಿ ಸನ್ನೆ ಮಾಡಿ. ಶಕ್ತಿ ಇದ್ದರೆ ದಡಕ್ಕೆ ಸಮವಾಗಿ ಪಕ್ಕಕ್ಕೆ ಈಜಿ, ಅಲೆ ಒಡೆಯುತ್ತಿರುವ ಕಡೆಗೆ. ಅಲ್ಲಿ ಆಳ ಕಡಿಮೆ, ಅಲೆಯೇ ನಿಮ್ಮನ್ನು ಒಳಗೆ ತರುತ್ತದೆ.

ಕಾವಲಿನವರು ಇರುವ ತೀರವಾದರೆ ಬಹಳ ದೇಶಗಳಲ್ಲಿ ಕೆಂಪು ಹಳದಿ ಬಾವುಟ ನೆಟ್ಟಿರುತ್ತಾರೆ. ಎರಡು ಬಾವುಟದ ನಡುವೆ ಮಾತ್ರ ಇಳಿಯಿರಿ. ಪೂರ್ತಿ ಕೆಂಪು ಬಾವುಟ ಕಂಡರೆ ಬೇಡವೇ ಬೇಡ. ಅರ್ಧ ಗಂಟೆ ಜಾಸ್ತಿ ಓಡಿಸಬೇಕಾದರೂ ಪರವಾಗಿಲ್ಲ, ಕಾವಲು ಇರುವ ತೀರಕ್ಕೇ ಹೋಗಿ.

ಕೆಮ್ಮು ನಿಲ್ಲಲಿಲ್ಲ. ಮೀನುಗಾರರೊಬ್ಬರು ತಮ್ಮ ಗಾಡಿಯಲ್ಲೇ ಆಸ್ಪತ್ರೆಗೆ ಕರೆದುಕೊಂಡು ಹೋದರು. ಶ್ವಾಸಕೋಶಕ್ಕೆ ನೀರು ಹೋಗಿದ್ದರೆ ಉಸಿರಾಟದ ತೊಂದರೆ ಕೆಲವು ಗಂಟೆ ಬಿಟ್ಟು ಜಾಸ್ತಿಯಾಗಬಹುದು ಅಂತ ಸಂಜೆಯವರೆಗೆ ಇಟ್ಟುಕೊಂಡು ನೋಡಿದರು. ನೀರು ಕುಡಿದು ಬದುಕಿ ಬಂದವರು ಕೆಮ್ಮುತ್ತಿದ್ದರೆ, ಏದುಸಿರು ಬಿಡುತ್ತಿದ್ದರೆ, ವಿಪರೀತ ನಿದ್ದೆಗಣ್ಣಾದರೆ ಈಗ ಚೆನ್ನಾಗಿದ್ದಾರಲ್ಲ ಅಂತ ಸುಮ್ಮನಾಗಬೇಡಿ.

ಕೀ ಉಪ್ಪುನೀರಿಗೆ ಸತ್ತೇ ಹೋಗಿತ್ತು. ಸ್ಪೇರ್ ಕೀ ತರಲು ಗೆಳೆಯನ ಅಣ್ಣನಿಗೆ ಫೋನ್ ಮಾಡಿದೆವು. ನಾವು ಎಲ್ಲಿದ್ದೇವೆ ಅಂತ ಮನೆಯವರಿಗೆ ಮೊದಲು ಗೊತ್ತಾದದ್ದು ಆಗಲೇ. ಅವತ್ತು ರಾತ್ರಿ ಹತ್ತು ಗಂಟೆ ನಿದ್ದೆ ಮಾಡಿದೆವು.

ಭಾನುವಾರ ಬೆಳಿಗ್ಗೆ ಅಣ್ಣ ಬರುವವರೆಗೆ ತೀರದ ಮೇಲಿನ ದಿಣ್ಣೆಯಲ್ಲಿ ಕೂತಿದ್ದೆವು. ಎತ್ತರದಿಂದ ಎಲ್ಲ ಕಾಣುತ್ತಿತ್ತು. ಎರಡು ಬಿಳೀ ಪಟ್ಟೆಗಳ ನಡುವೆ ಒಂದು ಗಾಢ ಪಟ್ಟೆ, ಅದರಲ್ಲಿ ನೊರೆಯ ಚೂರುಗಳು ಒಂದರ ಹಿಂದೆ ಒಂದು ಆಚೆಗೆ ಹೋಗುತ್ತಿದ್ದವು. ಹತ್ತು ನಿಮಿಷ ನೋಡಿದರೆ ಯಾರಿಗಾದರೂ ಗೊತ್ತಾಗುತ್ತದೆ. ಅಷ್ಟರಲ್ಲಿ ಒಂದು ಕಾರು ಬಂತು. ಅಪ್ಪ, ಅಮ್ಮ, ಇಬ್ಬರು ಮಕ್ಕಳು. ಮಕ್ಕಳು ಚಪ್ಪಲಿ ಬಿಟ್ಟು ಸೀದಾ ಆ ಗಾಢ ನೀರಿನ ಕಡೆಗೇ ಓಡಿದರು. ನಾನು ಏಳುವ ಮೊದಲೇ ಗೆಳೆಯ ಕಿರುಚಿಕೊಂಡು ದಿಣ್ಣೆ ಇಳಿದಿದ್ದ.

ನಾನು ಹೋಗಿ ಸೇರುವ ಹೊತ್ತಿಗೆ ಆ ತಂದೆ ಗೊಂದಲದಲ್ಲಿ ನಿಂತಿದ್ದರು. "ಅಲ್ಲಿ ಅಲೇನೇ ಇಲ್ವಲ್ಲ ಸಾರ್?" ಅಂದರು. ಗೆಳೆಯ ಮರಳಿನ ಮೇಲಿದ್ದ ಒಂದು ಒಣಗಿದ ಕಡ್ಡಿ ಎತ್ತಿ ನೀರಿಗೆ ಎಸೆದ. ಎಲ್ಲರೂ ನೋಡುತ್ತಾ ನಿಂತೆವು. ಕಡ್ಡಿ ಒಂದು ಕ್ಷಣ ನಿಂತ ಹಾಗೆ ಮಾಡಿ, ಆಮೇಲೆ ತಿರುಗಿ, ನಡೆದುಕೊಂಡು ಹೋಗುವವರ ವೇಗದಲ್ಲಿ ಸಮುದ್ರದ ಕಡೆಗೆ ಹೊರಟಿತು. ಅದು ಕಣ್ಣಿಗೆ ಮರೆಯಾಗುವ ಮೊದಲೇ ಆ ತಾಯಿ ಎರಡೂ ಮಕ್ಕಳ ಕೈ ಹಿಡಿದುಕೊಂಡಿದ್ದರು.