ಕೊಯ್-ಕೊಯ್ ಎಲ್ಲಿ ಆಡಿದರೆ ಚೆನ್ನ? ಸ್ವಿಚ್, ಯಾಕುಝಾ 0 ಮತ್ತು ಫೋನ್ ಆ್ಯಪ್‌ಗಳ ಹೋಲಿಕೆ

ಹಾನಾಫುಡಾ ಅಂದರೆ ಜಪಾನಿನ ಇಸ್ಪೀಟು, ಕೊಯ್-ಕೊಯ್ ಅದರಲ್ಲಿ ಆಡುವ ಒಂದು ಆಟ. ಇದರ ಎಲೆಗಳ ಮೇಲೆ ಅಂಕಿ ಇರುವುದಿಲ್ಲ. ಎಕ್ಕ, ರಾಜ, ರಾಣಿ ಯಾರೂ ಇಲ್ಲ. ಇರುವುದು ಹೂವು, ಗಿಡ, ಹಕ್ಕಿ, ಪ್ರಾಣಿ. ಒಟ್ಟು 48 ಎಲೆ. ವರ್ಷದ 12 ತಿಂಗಳಿಗೆ ಒಂದೊಂದು ಗಿಡ, ಒಂದೊಂದು ಗಿಡಕ್ಕೆ 4 ಎಲೆ. ಹಾಗಾಗಿ ಇದರ ವಿಡಿಯೊ ಗೇಮ್ ಯಾವುದೇ ಇರಲಿ, ನಾನು ಮೊದಲು ನೋಡುವುದು ಒಂದೇ ವಿಷಯ. ಎಲೆ ಗುರುತು ಹಿಡಿಯುವುದನ್ನು ಅದು ನನಗೆ ಕಲಿಸುತ್ತದಾ, ಅಥವಾ ನನ್ನ ಕೆಲಸವನ್ನೂ ತಾನೇ ಮಾಡಿಬಿಡುತ್ತದಾ?

ಆಟ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಹಾನಾಫುಡಾ ಕಟ್ಟಿನಲ್ಲಿ ಹಲವು ಆಟಗಳಿವೆ, ಅದರಲ್ಲಿ ಇಬ್ಬರು ಆಡುವ ಕೊಯ್-ಕೊಯ್ ಜಾಸ್ತಿ ಪ್ರಸಿದ್ಧ. ಇಬ್ಬರಿಗೂ 8 ಎಲೆ, ನಡುವೆ ನೆಲದ ಮೇಲೆ ತೆರೆದ 8 ಎಲೆ. ಕೈಯಿಂದ ಒಂದು ಎಲೆ ಹಾಕಬೇಕು. ಅದೇ ತಿಂಗಳ ಎಲೆ ನೆಲದಲ್ಲಿದ್ದರೆ ಎರಡನ್ನೂ ಎತ್ತಿಕೊಳ್ಳಬೇಕು. ಆಮೇಲೆ ಮುಚ್ಚಿಟ್ಟ ಕಟ್ಟಿನಿಂದ ಇನ್ನೊಂದು ತಿರುವಿ ಅದಕ್ಕೂ ಹೀಗೇ. ಎತ್ತಿದ ಎಲೆಗಳಲ್ಲಿ ಜೊತೆಗಳು ಕೂಡಿದರೆ ಅಂಕ. ಕಾಡುಹಂದಿ, ಜಿಂಕೆ, ಚಿಟ್ಟೆ ಮೂರೂ ಸಿಕ್ಕರೆ 5. ಬರೀ ಗಿಡವಿರುವ ಸಾದಾ ಎಲೆಗಳು 10 ಸೇರಿದರೆ 1, ಆಮೇಲೆ ಬರುವ ಪ್ರತಿ ಸಾದಾ ಎಲೆಗೆ ಇನ್ನೊಂದು. ಜೊತೆ ಕೂಡಿದ ಕೂಡಲೇ ಒಂದು ಪ್ರಶ್ನೆ ಎದುರಾಗುತ್ತದೆ: ಬಂದ ಅಂಕ ತೆಗೆದುಕೊಂಡು ಸುತ್ತು ಮುಗಿಸುತ್ತೀರಾ, ಇಲ್ಲ 'ಕೊಯ್-ಕೊಯ್' ಅಂದು ಮುಂದುವರಿಸುತ್ತೀರಾ? ಮುಂದುವರಿಸಿದ ಮೇಲೆ ಎದುರಾಳಿ ಮೊದಲು ಜೊತೆ ಕೂಡಿಸಿದರೆ ನಿಮ್ಮ ಕೈ ಖಾಲಿ. ಆಟದ ಜೀವ ಇರುವುದು ಈ ಪ್ರಶ್ನೆಯಲ್ಲೇ.

ಮೊದಲು ನಿಂಟೆಂಡೊ. 2020ರ ಜೂನ್‌ನಲ್ಲಿ ಅವರ ಸ್ವಿಚ್ ಗೇಮ್ ಯಂತ್ರಕ್ಕೆ ಬಂದ 'ಕ್ಲಬ್‌ಹೌಸ್ ಗೇಮ್ಸ್: 51 ವರ್ಲ್ಡ್‌ವೈಡ್ ಕ್ಲಾಸಿಕ್ಸ್' ಸಂಗ್ರಹದಲ್ಲಿ ಚೆಸ್, ಲೂಡೋ ತರಹದ ಆಟಗಳ ಸಾಲಿನಲ್ಲಿ ಹಾನಾಫುಡಾ ಕೂಡ ಇದೆ. ಈ ಕಂಪನಿಗೆ ಇದು ಹೊಸದಲ್ಲ. 1889ರಲ್ಲಿ ಫುಸಾಜಿರೊ ಯಮಾಉಚಿ ಕ್ಯೋಟೊದಲ್ಲಿ ನಿಂಟೆಂಡೊ ಶುರು ಮಾಡಿದ್ದೇ ಹಾನಾಫುಡಾ ಎಲೆ ತಯಾರಿಸೋಕೆ. ಮಾರಿಯೊ ಹುಟ್ಟುವುದಕ್ಕೆ ತುಂಬಾ ವರ್ಷ ಮೊದಲಿನ ಮಾತು ಇದು. ಕಾಗದದ ಕಟ್ಟನ್ನು ಅವರು ಇವತ್ತಿಗೂ ಮಾರುತ್ತಾರೆ.

ಕಲಿಯುವವರಿಗೆ ಇದಕ್ಕಿಂತ ಸುಲಭದ ದಾರಿ ನಾನು ನೋಡಿಲ್ಲ. ಆಟಕ್ಕೆ ಮುಂಚೆ ಪುಟ್ಟ ಗೊಂಬೆಗಳು ಬಂದು ಮಾತಾಡಿಕೊಳ್ಳುತ್ತಾ ನಿಯಮ ಹೇಳುತ್ತವೆ. ಪರದೆ ಚೊಕ್ಕ, ಎಲೆಗಳ ಬಣ್ಣ ಚೆನ್ನಾಗಿದೆ, ಕೈಯಲ್ಲಿ ಹಿಡಿದು ಬೆರಳಿನಿಂದ ಎಲೆ ಮುಟ್ಟಿ ಆಡಬಹುದು. ಹೂವಿನ ಎಲೆಗಳ ಮೇಲೆ ಮಾರಿಯೊ ಬಳಗ ಬಂದು ಕೂತ ಇನ್ನೊಂದು ಕಟ್ಟೂ ಇದೆ, ಮಕ್ಕಳಿಗೆ ಅದು ತುಂಬಾ ಇಷ್ಟವಾಗುತ್ತದೆ. ಆದರೆ ಕಲಿಯುವವರು ಆ ಕಟ್ಟಿನಿಂದ ಶುರು ಮಾಡಬೇಡಿ. ಕಣ್ಣು ಗೊಂಬೆಗಳ ಕಡೆ ಹೋಗುತ್ತದೆ, ಗಿಡ ಹಿಂದೆ ಉಳಿಯುತ್ತದೆ.

ನನ್ನ ತಕರಾರು ಸಹಾಯ ಜಾಸ್ತಿಯಾಯಿತು ಅನ್ನುವುದು. ಯಾವ ಎಲೆಗೆ ಯಾವುದು ಹೊಂದುತ್ತದೆ ಅಂತ ಆಟವೇ ತೋರಿಸುತ್ತಾ ಹೋದರೆ, ಸುಮ್ನೆ ಹೊಳೆಯುವ ಎಲೆಯನ್ನು ಒತ್ತುತ್ತಾ ಕೂರುವುದು ಅಭ್ಯಾಸವಾಗುತ್ತದೆ. ವಿಸ್ಟೀರಿಯಾ ಮತ್ತು 'ಹಾಗಿ' (ಬುಷ್ ಕ್ಲೋವರ್) ಗಿಡಗಳನ್ನೇ ತೆಗೆದುಕೊಳ್ಳಿ. ಏಪ್ರಿಲ್‌ನದು ವಿಸ್ಟೀರಿಯಾ, ಜುಲೈನದು ಹಾಗಿ. ಹೊಸಬರಿಗೆ ಎರಡೂ ಒಂದೇ ತರಹ ಕಾಣುತ್ತವೆ. ಸಣ್ಣ ಸಣ್ಣ ಎಸಳುಗಳ ಸಾಲು, ಅಷ್ಟೇ. ಸರಿಯಾಗಿ ನೋಡಿದರೆ ವಿಸ್ಟೀರಿಯಾ ಮೇಲಿನಿಂದ ಕೆಳಕ್ಕೆ ಜೋತಿರುತ್ತದೆ, ಹಾಗಿ ಕೆಳಗಿನಿಂದ ಮೇಲಕ್ಕೆ ಬೆಳೆದಿರುತ್ತದೆ. ಒಮ್ಮೆ ಇದು ಕಣ್ಣಿಗೆ ಬಿದ್ದರೆ ಆಮೇಲೆ ಮರೆಯುವುದಿಲ್ಲ. ನವೆಂಬರ್ ತಿಂಗಳ ಮಿಂಚಿನ ಎಲೆ ಇನ್ನೂ ಕಷ್ಟದ್ದು. ಬಹುಪಾಲು ಕೆಂಪು, ಕಪ್ಪು ಬಳಿದ ಹಾಗಿರುತ್ತದೆ, ಅದು ವಿಲ್ಲೋ ಗಿಡದ್ದು ಅಂತ ಯಾರಿಗೂ ತಕ್ಷಣ ಹೊಳೆಯುವುದಿಲ್ಲ. ಇವನ್ನೆಲ್ಲ ಕಣ್ಣು ತಾನಾಗಿ ಕಂಡುಕೊಳ್ಳಬೇಕು. ಹೊಂದುವ ಎಲೆಯನ್ನು ಮೊದಲೇ ತೋರಿಸಿದರೆ ನೋಡುವ ಕೆಲಸವೇ ಉಳಿಯುವುದಿಲ್ಲ ಅಲ್ವಾ?

ಸೇಗಾದ 'ಯಾಕುಝಾ 0' ಪೂರ್ತಿ ಬೇರೆ ದಾರಿ. ಇದು ಹಾನಾಫುಡಾ ಗೇಮ್ ಅಲ್ಲ. 1988ರ ಡಿಸೆಂಬರ್‌ನಲ್ಲಿ, ಜಪಾನಿನಲ್ಲಿ ದುಡ್ಡು ಹೊಳೆಯಾಗಿ ಹರಿಯುತ್ತಿದ್ದ ಕಾಲದಲ್ಲಿ, ಟೋಕಿಯೊ ಮತ್ತು ಒಸಾಕಾದ ರಾತ್ರಿ ಬೀದಿಗಳಲ್ಲಿ ನಡೆಯುವ ದೊಡ್ಡ ಕಥೆ. ಆ ಬೀದಿಗಳಲ್ಲಿ ಜೂಜಿನ ಅಡ್ಡೆಗಳಿವೆ, ಅಲ್ಲಿ ಕೊಯ್-ಕೊಯ್ ನಡೆಯುತ್ತದೆ. ಕಥೆಯಲ್ಲಿ ಸ್ವಲ್ಪ ಮುಂದೆ ಹೋಗದೆ ಎಲೆ ಕೈಗೆ ಸಿಗುವುದಿಲ್ಲ. ಬರೀ ಹಾನಾಫುಡಾ ಬೇಕು ಅನ್ನುವವರಿಗೆ ಇದು ಸುತ್ತು ದಾರಿ, ಅದನ್ನು ಮೊದಲೇ ಹೇಳುತ್ತೇನೆ.

ಆದರೂ ಈ ಆಟದ ಹವೆ ಇಲ್ಲಿ ಸಿಕ್ಕಷ್ಟು ಬೇರೆಲ್ಲೂ ಸಿಗಲಿಲ್ಲ. ಹಾನಾಫುಡಾಕ್ಕೂ ಜೂಜಿಗೂ ಹಳೆಯ ನಂಟು. 16ನೇ ಶತಮಾನದಲ್ಲಿ ಪೋರ್ಚುಗೀಸರು ಜಪಾನಿಗೆ ತಂದ ಇಸ್ಪೀಟು ಕಟ್ಟಿನಲ್ಲೂ 48 ಎಲೆ ಇತ್ತು. ಜೂಜು ಹೆಚ್ಚಾಯಿತು ಅಂತ ಆಳುವವರು ಎಲೆಗಳನ್ನು ನಿಷೇಧಿಸಿದಾಗ ಜನ ಬೇರೆ ಚಿತ್ರದ ಎಲೆ ಮಾಡಿಕೊಂಡರು. ಅಂಕಿಗಳು ಹೋಗಿ ಹೂವು ಬಂದದ್ದು ಆ ಜಗ್ಗಾಟದಲ್ಲೇ. ಯಾಕುಝಾ 0 ಆ ಅಡ್ಡೆಯ ವಾತಾವರಣವನ್ನು ಹಾಗೇ ತಂದು ಕೂರಿಸಿದೆ. ಎಲೆಯನ್ನು ನೆಲಕ್ಕೆ ಬಡಿಯುವ ಸದ್ದು ಇದೆಯಲ್ಲ, ಅದಕ್ಕೇ ಪೂರ್ತಿ ಅಂಕ ಕೊಡಬಹುದು. ಕಥೆಯ ಮೊದಲ ಭಾಗದಲ್ಲಿ ಕೈಯಲ್ಲಿ ದುಡ್ಡು ಕಡಿಮೆ ಇರುವಾಗ 'ಕೊಯ್-ಕೊಯ್' ಅನ್ನೋಕೆ ನಿಜವಾಗಿಯೂ ಎದೆ ಡವಡವ ಅನ್ನುತ್ತದೆ.

ಮುಂದೆ ಹೋದಂತೆ ಈ ಬಿಗಿ ಸಡಿಲವಾಗುತ್ತದೆ. ಕಥೆಯಲ್ಲಿ ಜಾಗ, ಕಟ್ಟಡ ಕೊಂಡು ಆದಾಯ ಎತ್ತುವ ವ್ಯವಹಾರ ಶುರುವಾದ ಮೇಲೆ ದುಡ್ಡು ಕೋಟಿಗಟ್ಟಲೆ ಬರುತ್ತದೆ. ಆಗ ಪಣಕ್ಕಿಟ್ಟ ಮೊತ್ತ ಲೆಕ್ಕಕ್ಕೇ ಇಲ್ಲ. ಇದನ್ನು ಆಡುವವರು ಅಡ್ಡೆಗೆ ಬೇಗ ಹೋಗಿ, ಜೇಬು ತುಂಬುವ ಮುಂಚೆ.

ಮೂರನೆಯದು ಫೋನಿನ ಉಚಿತ ಆ್ಯಪ್‌ಗಳು. ಇವು ರಾಶಿ ಇವೆ, ಒಂದರ ಹಾಗೆ ಇನ್ನೊಂದು. ನಾನು ಹಾಕಿಕೊಂಡ ಒಂದರಲ್ಲಿ ಪ್ರತಿ ಸುತ್ತು ಮುಗಿದಾಗ ಜಾಹೀರಾತು ಬರುತ್ತಿತ್ತು, ಎಣಿಸಿಟ್ಟುಕೊಂಡ ಎಲೆಗಳೆಲ್ಲ ತಲೆಯಿಂದ ಹಾರಿಹೋಗುತ್ತಿದ್ದವು. ಅದನ್ನು ತೆಗೆದುಹಾಕಿದೆ. ಈಗ ಇರುವುದು ನೋಡೋಕೆ ಸಾದಾ, ಆದರೆ ಸೆಟ್ಟಿಂಗ್ಸ್ ತೆರೆದರೆ ಬೇಕಾದ್ದೆಲ್ಲ ಇದೆ. ಹೊಂದುವ ಎಲೆ ತೋರಿಸುವುದನ್ನು ನಿಲ್ಲಿಸಬಹುದು. ಎಷ್ಟು ಸುತ್ತು ಅಂತ ಆರಿಸಬಹುದು. 7 ಅಥವಾ ಅದಕ್ಕಿಂತ ಜಾಸ್ತಿ ಅಂಕ ಬಂದರೆ ಎರಡರಷ್ಟು ಮಾಡುವ ನಿಯಮ ಇಟ್ಟುಕೊಳ್ಳಬಹುದು. 'ಸಾಕೆ' (ಜಪಾನಿನ ಅಕ್ಕಿ ಮದ್ಯ) ಬಟ್ಟಲಿನ ನಿಯಮವನ್ನೂ ಬೇಕಾದರೆ ತೆಗೆಯಬಹುದು.

ಈ ಬಟ್ಟಲಿನ ಬಗ್ಗೆ ಆಡುವವರಲ್ಲೇ ಜಗಳ ಇದೆ. ಸೆಪ್ಟೆಂಬರ್‌ನ ಸೇವಂತಿಗೆ ಎಲೆಯೊಂದರಲ್ಲಿ ಸಾಕೆ ಕುಡಿಯುವ ಬಟ್ಟಲು ಇದೆ. ಅದಕ್ಕೆ ಚೆರ್ರಿ ಹೂವಿನ ಜೊತೆ ಬಟ್ಟೆಯ ಪರದೆಯ ಚಿತ್ರವಿರುವ ಎಲೆ ಸೇರಿದರೆ ಒಂದು ಜೊತೆ, ಆಗಸ್ಟ್‌ನ ಚಂದ್ರನ ಎಲೆ ಸೇರಿದರೆ ಇನ್ನೊಂದು. ಎರಡೇ ಎಲೆಗೆ ಹೆಚ್ಚಿನ ಕಡೆ 5 ಅಂಕ. ಸುತ್ತು ಬೇಗ ಮುಗಿದುಹೋಗುತ್ತದೆ, ದೊಡ್ಡ ಜೊತೆ ಕಟ್ಟುವವರಿಗೆ ಸಮಯವೇ ಸಿಗುವುದಿಲ್ಲ ಅನ್ನುವುದು ಬೇಡ ಅನ್ನುವವರ ವಾದ. ನಾನು ಅದನ್ನು ಇಟ್ಟುಕೊಂಡೇ ಆಡುತ್ತೇನೆ. ಬಟ್ಟಲಿನ ಭಯ ಇದ್ದರೇ ಸೇವಂತಿಗೆಯ ನಾಲ್ಕೂ ಎಲೆ ಎಲ್ಲಿ ಹೋದವು ಅಂತ ಲೆಕ್ಕ ಇಡುತ್ತೇವೆ.

ಈ ಆ್ಯಪ್‌ನಲ್ಲಿ ಬಂದ ಒಂದು ಕೈ ಹೇಳಲೇಬೇಕು. ಸಾದಾ ಎಲೆಗಳು 10 ಆಗಿ ನನಗೆ 1 ಅಂಕ ಕೂಡಿತ್ತು. ಕಾಡುಹಂದಿ, ಜಿಂಕೆ ನನ್ನ ಬಳಿ ಇದ್ದವು, ಚಿಟ್ಟೆ ಇನ್ನೂ ಹೊರಗೆ ಬಂದಿರಲಿಲ್ಲ. ಎದುರಾಳಿಯ ಬಳಿ ಚಂದ್ರನೂ ಇದ್ದ, ಚೆರ್ರಿ ಪರದೆಯೂ ಇತ್ತು. ಬಟ್ಟಲೊಂದು ಸಿಕ್ಕಿಬಿಟ್ಟರೆ ಎರಡು ಜೊತೆ ಒಟ್ಟಿಗೆ, 10 ಅಂಕ, ಅದೂ ಎರಡರಷ್ಟಾಗಿ 20. ಯಾರಿಗಾದರೂ 1 ಅಂಕ ತೆಗೆದುಕೊಂಡು ಎದ್ದುಬಿಡೋಣ ಅನ್ನಿಸಬೇಕು. ಆದರೆ ಸೇವಂತಿಗೆಯ ಎರಡು ಎಲೆ ಆಗಲೇ ನಾನು ಎತ್ತಿದ್ದೆ. ಮೂರನೆಯದು ನನ್ನ ಕೈಯಲ್ಲೇ ಇತ್ತು. ಉಳಿದದ್ದು ಬಟ್ಟಲು ಮಾತ್ರ. ನನ್ನ ಎಲೆ ನೆಲಕ್ಕೆ ಬೀಳುವವರೆಗೆ ಆ ಬಟ್ಟಲನ್ನು ಅವನು ಎತ್ತೋಕೆ ಸಾಧ್ಯವೇ ಇಲ್ಲ, ಅದಕ್ಕೆ ಹೊಂದುವ ಬೇರೆ ಎಲೆಯೇ ಇಲ್ಲ. ಚಂದ್ರ, ಪರದೆಯ ಹಾಗೇ ಬೆಲೆಬಾಳುವ ದೊಡ್ಡ ಎಲೆಗಳಾದ ಕೊಕ್ಕರೆ, ಫೀನಿಕ್ಸ್ ಎರಡೂ ನನ್ನಲ್ಲಿದ್ದವು, ಆದ್ದರಿಂದ ದೊಡ್ಡ ಎಲೆಗಳ ಜೊತೆಯೂ ಅವನಿಗೆ ಕೂಡುವುದಿಲ್ಲ. 'ಕೊಯ್-ಕೊಯ್' ಅಂದೆ. ಅವನು ಕಟ್ಟಿನಿಂದ ತಿರುವಿದ ಎಲೆಯೇ ಚಿಟ್ಟೆ! ನೆಲದಲ್ಲಿ ಅದಕ್ಕೆ ಹೊಂದುವ ಎಲೆ ಇರಲಿಲ್ಲ. ಚಿಟ್ಟೆ ಪಿಯೋನಿ ಗಿಡದ್ದು, ನನ್ನ ಕೈಯಲ್ಲಿದ್ದ ಪಿಯೋನಿಯ ಸಾದಾ ಎಲೆ ಹಾಕಿ ಎತ್ತಿಕೊಂಡೆ. ಮೂರು ಪ್ರಾಣಿಗೆ 5, ಸಾದಾ ಎಲೆ 11 ಆದ್ದರಿಂದ 2, ಒಟ್ಟು 7, ಎರಡರಷ್ಟಾಗಿ 14. ಒಂದು ಅಂಕಕ್ಕೆ ಮುಗಿಯಬೇಕಾದ ಸುತ್ತು!

ಪರದೆಯ ಮೇಲೆ ಯಾವ ಸುಳಿವೂ ಇಲ್ಲದೆ ಈ ಲೆಕ್ಕ ತಲೆಯಲ್ಲಿ ಓಡಿತಲ್ಲ, ನನಗೆ ಹಾನಾಫುಡಾದಿಂದ ಬೇಕಾದ್ದೇ ಅದು. ಅದಕ್ಕೇ ದಿನಾ ಆಡೋಕೆ ಈ ಸಾದಾ ಆ್ಯಪ್ ನನ್ನ ಆಯ್ಕೆ. ಗುರುತು ಕಲಿಯೋಕೆ ಸ್ವಿಚ್, ಕಲಿತ ಮೇಲೆ ಸುಳಿವು ನಿಲ್ಲಿಸಿ ಫೋನು. ಕಥೆ ಇಷ್ಟಪಡುವವರು ಯಾಕುಝಾ 0 ಬಿಡಬೇಡಿ. ಆದರೆ ಅದನ್ನೇ ಮೊದಲ ಪಾಠ ಮಾಡಿಕೊಳ್ಳಬೇಡಿ.

ಇನ್ನೊಂದು ಇದೆ, ಕೊರಿಯಾದ ಗೋ-ಸ್ಟಾಪ್. ಅದೇ ಹೂವಿನ ಎಲೆಗಳು, ಕೆಂಪು ಬೆನ್ನಿನ ಪ್ಲಾಸ್ಟಿಕ್ ಕಟ್ಟು, ಹಬ್ಬಕ್ಕೆ ಮನೆಮಂದಿ ಸೇರಿದಾಗ ಆಡುವ ಆಟ. ಇದರ ಆ್ಯಪ್ ಕೂಡ ಹಾಕಿ ನೋಡಿದೆ. ಅಂಕ ಕೂಡಿದಾಗ 'ಗೋ' ಇಲ್ಲ 'ಸ್ಟಾಪ್' ಅನ್ನಬೇಕು, ಅಷ್ಟರಮಟ್ಟಿಗೆ ಕೊಯ್-ಕೊಯ್ ತರಹವೇ. ಆದರೆ ವೇಗ ಜಾಸ್ತಿ, ಗಲಾಟೆ ಜಾಸ್ತಿ. ನೆಲದ ಎಲೆ ಪೂರ್ತಿ ಗುಡಿಸಿದರೆ ಎದುರಾಳಿಯ ಸಾದಾ ಎಲೆಯನ್ನೇ ಕಿತ್ತುಕೊಳ್ಳಬಹುದು. ಮೂರನೇ ಸಲ 'ಗೋ' ಅಂದರೆ ಅಂಕ ಎರಡರಷ್ಟು. ಮೂವರಾದರೆ 3 ಅಂಕಕ್ಕೇ ನಿಲ್ಲಿಸಬಹುದು, ಇಬ್ಬರಾದರೆ 7 ಬೇಕು. ಬೆಲೆಬಾಳುವ ಐದು ಎಲೆಗಳ ಮೇಲೆ ಅಕ್ಷರದ ಗುರುತು ಇರುವುದರಿಂದ ಹೊಸಬರಿಗೆ ಸ್ವಲ್ಪ ಸುಲಭ.

ಎರಡನ್ನೂ ಆಡುವವರು ಒಂದು ವಿಷಯ ನೆನಪಿಡಿ. ಜಪಾನಿನಲ್ಲಿ ವಿಲ್ಲೋ ಮತ್ತು ಮಳೆ ನವೆಂಬರ್, ಪೌಲೋನಿಯಾ ಡಿಸೆಂಬರ್. ಕೊರಿಯಾದಲ್ಲಿ ಅದು ತಿರುವುಮುರುವು. ಎಲೆ ಹೊಂದಿಸೋಕೆ ಇದರಿಂದ ತೊಂದರೆ ಇಲ್ಲ, ತಿಂಗಳ ಸಂಖ್ಯೆ ಹೇಳಿ ಇನ್ನೊಬ್ಬರಿಗೆ ಕಲಿಸುವಾಗ ಗೊಂದಲವಾಗುತ್ತದೆ. ಸಂಖ್ಯೆ ಬಿಟ್ಟು ಗಿಡದ ಹೆಸರು ಹೇಳಿಯೇ ಕಲಿಸಿ. ಇನ್ನು ಮನೆಯಲ್ಲಿ ಮೂವರಿದ್ದರೆ ಕೊಯ್-ಕೊಯ್ ಬಿಟ್ಟು ಗೋ-ಸ್ಟಾಪ್ ತೆಗೆಯಿರಿ. ಮೂರನೆಯವರು ಸುಮ್ನೆ ನೋಡುತ್ತಾ ಕೂರಬೇಕಾಗಿಲ್ಲ.